ಹೊಳೆ ಮೇಲಿನ ಮಾತು

ಕಾಫಿ ಲೋಟ ಕೆಳಗಿಟ್ಟು ಸೆರಗಿನಿಂದ ಬಾಯೊರೆಸಿಕೊಳ್ಳುತ್ತಲೇ ಭಾಮತ್ತಿಗೆ, "ಇವತ್ತು ಸಾಯಂಕಾಲ ದೋಣಿ ವಿಹಾರಕ್ಕೆ ಹೋಗೋಣ ಕಣೇ ವಾರಿಜ" ಅಂದರು. ನಾನು ಕೇಳಿಸದವಳ ಹಾಗೆ ಚಪಾತಿ ಹಿಟ್ಟು ನಾದುತ್ತಲೇ ಇದ್ದೆ. ಕೇಳಿಸದವರ ಹಾಗೆ ಇರುವುದು ನಮ್ಮೂರಿನವರಿಗೆಲ್ಲ ಚಿಕ್ಕಂದಿನಿಂದ ಬಂದ ವಿದ್ಯೆ. ಆದರೆ ಭಾಮತ್ತಿಗೆ ನಮ್ಮೂರಿನವರಲ್ಲ. ತಾನು ಹೇಳಿದ್ದಕ್ಕೆ ಉತ್ತರ ಬರಲಿಲ್ಲವೆಂದರೆ ಎದುರಿನವರ ಕಿವಿ ಮಂದ ಎಂದು ತೀರ್ಮಾನಿಸುವ ಹೆಂಗಸು. ಅದೇ ಮಾತನ್ನು ಹಿತ್ತಿಲಾಚೆಗೂ ಕೇಳುವ ಹಾಗೆ ಇನ್ನೊಮ್ಮೆ ಹೇಳಿದರು.

ಅವರು ನನ್ನ ಗಂಡನ ಅಕ್ಕ. ಹೆಸರು ಸತ್ಯಭಾಮ. ಹೊಳೆ, ಕೆರೆ ಯಾವುದೂ ಇಲ್ಲದ ಒಣ ಊರಿನಲ್ಲಿ ತುಂಬಾ ವರ್ಷ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದವರು. ಹತ್ತಾರು ಟೈಪ್‌ರೈಟರುಗಳ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವರ ಗಂಟಲು ಹಾಗಾಗಿಬಿಟ್ಟಿದೆ. ಟೈಪ್‌ರೈಟರುಗಳು ಗುಜರಿಗೆ ಹೋದವು, ಗಂಟಲು ಉಳಿಯಿತು. ಈ ಸಲ ಹೇಳದೆ ಕೇಳದೆ ಒಂದು ಚೀಲ ಹಿಡಿದು ಬಂದಿದ್ದರು. ಯಾಕೆ ಬಂದಿರಿ ಅಂತ ಕೇಳುವುದು ಹೇಗೆ? ನಾಲ್ಕು ದಿನ ಇದ್ದು ಹೋಗಲಿ ಅಂತ ಸುಮ್ಮನಿದ್ದೆ.

"ಆ ದೋಣೀಲಿ ಏನಿದೆ ಅತ್ತಿಗೆ, ಊರಿನ ಮನೆಗಳ ಹಿಂಭಾಗ ಕಾಣುತ್ತೆ, ಅಷ್ಟೇ. ಯಾರ್ಯಾರದೋ ಒಣಗಿಹಾಕಿದ ಬಟ್ಟೆ" ಅಂದೆ.

"ಕ್ಯಾಲೆಂಡರಿನಲ್ಲಿ ಆ ದೋಣಿ ಚಿತ್ರ ಎಷ್ಟು ಚೆನ್ನಾಗಿತ್ತು! ದೂರದೂರಿಂದ ಬಂದು ನೋಡ್ಕೊಂಡು ಹೋಗ್ತಾರೆ. ನಂಗೆ ಮಾತ್ರ ಬೇಡ್ವಾ?"

ನಾನು ಜಗಲಿಯ ಕಡೆ ತಿರುಗಿದೆ. ನನ್ನ ಗಂಡ ಜನಾರ್ದನ ಅಲ್ಲಿ ಪೇಪರ್ ಹಿಡಿದು ಕೂತಿದ್ದರು. "ರೀ, ಅತ್ತಿಗೆ ದೋಣಿಗೆ ಹೋಗೋಣ ಅಂತಾರೆ. ಹೋಗೋದಾ ಬೇಡ್ವಾ?" ಅಂತ ಕೇಳಿ, ಬೇಡ ಅನ್ನಿ ಬೇಡ ಅನ್ನಿ ಅಂತ ಕಣ್ಣಲ್ಲೇ ಅಂಗಲಾಚಿದೆ. ಅವರು ಪೇಪರಿನ ಅಂಚಿನ ಮೇಲಿಂದ ನನ್ನನ್ನು ನೋಡಿ, "ನಂಗೆ ಮಂಡಿ ನೋವು. ನೀವು ಹೋಗೋದಾದ್ರೆ… ನಿನ್ನಿಷ್ಟ" ಅಂದರು.

ನಿನ್ನಿಷ್ಟ. ಈ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿದುಹೋಗುತ್ತದೆ. ಜನಾರ್ದನ ಒಳ್ಳೆಯವರು ಅಂತ ಊರೆಲ್ಲ ಹೇಳುತ್ತದೆ, ಹೇಳಿ ಹೇಳಿ ನನ್ನ ತಲೆ ಚಿಟ್ಟುಹಿಡಿಸಿದೆ. ನೀರು ಸರಬರಾಜು ಕಚೇರಿಯಲ್ಲಿದ್ದು ಹೋದ ವರ್ಷ ನಿವೃತ್ತರಾದರು. ಕುಡಿಯುವುದಿಲ್ಲ, ಬಯ್ಯುವುದಿಲ್ಲ, ಉಪ್ಪು ಹಾಕಲು ಮರೆತ ಸಾರನ್ನೂ ಸೊರ್ರೆಂದು ಕುಡಿದು ಏಳುತ್ತಾರೆ. ಆದರೆ ಏನು ಕೇಳಿದರೂ ಅವರ ಬಾಯಿಂದ ಬರುವುದು ಅದೊಂದೇ. ಹುಳಿಗೆ ಬದನೆಕಾಯಿಯೋ ನುಗ್ಗೆಕಾಯಿಯೋ ಅಂದರೂ ನಿನ್ನಿಷ್ಟ, ಹುಟ್ಟಿದ ಮಗಳಿಗೆ ಏನು ಹೆಸರಿಡೋಣ ಅಂದರೂ ನಿನ್ನಿಷ್ಟ. ಮದುವೆಯಾದ ಹೊಸದರಲ್ಲಿ ಇದು ನನಗೆ ಹೆಮ್ಮೆಯಾಗಿತ್ತು. ನನ್ನ ಜೊತೆಯ ಟೀಚರುಗಳ ಗಂಡಂದಿರು ಸೀರೆಯ ಬಣ್ಣಕ್ಕೂ ತಕರಾರು ತೆಗೆಯುತ್ತಿದ್ದರು. ಬರಬರುತ್ತಾ ಗೊತ್ತಾಯಿತು, ತಕರಾರಿಲ್ಲದ ಮನೆಯಲ್ಲಿ ಎಲ್ಲ ತೀರ್ಮಾನವನ್ನೂ ಒಬ್ಬಳೇ ಹೊರಬೇಕು ಅಂತ.

ಈಗ ಹೊರಬೇಕಾಗಿದ್ದ ತೀರ್ಮಾನ ದೊಡ್ಡದು. ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿಟಿ ಟೀಚರ್. ಕಲ್ಲು ಎದ್ದ ಪುಟ್ಟ ಮೈದಾನದಲ್ಲಿ ಖೋ ಖೋ ಕಲಿಸಿ, ಮಂಡಿ ತರಚಿಕೊಂಡ ಹುಡುಗಿಯರಿಗೆ ಅರಿಸಿನ ಹಚ್ಚಿ, ಗಂಟಲು ಹರಿಯುವ ಹಾಗೆ ಸೀಟಿ ಊದಿ ಇಷ್ಟು ವರ್ಷ ಕಳೆದವಳು. ಅದಕ್ಕೆ ನಾಲ್ಕೈದು ದಿನ ಮೊದಲು ಬೆಟ್ಟದೂರಿನಿಂದ ಫೋನ್ ಬಂದಿತ್ತು. ಅಲ್ಲಿ ಹೊಸದಾಗಿ ಹೆಣ್ಣುಮಕ್ಕಳ ಕ್ರೀಡಾ ಹಾಸ್ಟೆಲ್ ತೆರೆದಿದ್ದಾರೆ. ದೊಡ್ಡ ಮೈದಾನ, ಎಲ್ಲೆಲ್ಲಿಂದಲೋ ಆರಿಸಿ ತಂದ ಹುಡುಗಿಯರು. ನೀವೇ ಬಂದು ನೋಡಿಕೊಳ್ಳಬೇಕು ಅಂದರು. ಬೆಳಿಗ್ಗೆ ಹೊರಟರೆ ಸಂಜೆ ತಲುಪುವಷ್ಟು ದೂರ. ಅಲ್ಲೇ ಇರಬೇಕು, ಗಂಡಸರಿಗೆ ಆವರಣದೊಳಗೆ ಪ್ರವೇಶವಿಲ್ಲ. ಒಪ್ಪಿದರೆ ನಿವೃತ್ತಿಯಾಗುವವರೆಗೂ ಅಲ್ಲೇ. ಅತ್ತಿಗೆ ದೋಣಿಯ ಮಾತೆತ್ತಿದ ದಿನದ ಮಾರನೆಯ ಬೆಳಿಗ್ಗೆಯೊಳಗೆ ಹೌದೋ ಅಲ್ಲವೋ ಹೇಳಬೇಕಿತ್ತು. ಫೋನ್ ಬಂದ ದಿನ ರಾತ್ರಿ ಊಟಕ್ಕೆ ಕೂತಾಗ ಇವರಿಗೆ ಎಲ್ಲ ಹೇಳಿದೆ. ಇವರು ಮಜ್ಜಿಗೆ ಅನ್ನ ಕಲಸುತ್ತಾ ಬಹಳ ಹೊತ್ತು ತಟ್ಟೆಯನ್ನೇ ನೋಡಿದರು. ಏನೋ ಹೇಳುತ್ತಾರೆ ಅಂತ ಮಜ್ಜಿಗೆ ಸೌಟು ಹಿಡಿದೇ ಕಾದೆ. "ನಿನ್ನಿಷ್ಟ" ಅಂದು ಕೈತೊಳೆಯಲು ಎದ್ದರು.

ದೋಣಿಗೆ ನಾನು ಯಾಕೆ ಹೆದರಿದೆ ಅಂತ ಹೇಳಬೇಕು. ನಮ್ಮೂರ ಹೊಳೆಯ ಮೇಲೆ ಆಡಿದ ಮಾತು ದಡದ ಮನೆಗಳಲ್ಲೆಲ್ಲ ಕೇಳಿಸುತ್ತದೆ. ಕೂಗಬೇಕಾಗಿಲ್ಲ. ನಡುನೀರಿನಲ್ಲಿ ಪಿಸುಗುಟ್ಟಿದರೂ ಸಾಕು, ಪಕ್ಕದಲ್ಲಿ ಕೂತು ಪಿಸುಗುಟ್ಟಿದ ಹಾಗೆ ಎರಡೂ ದಡದ ಅಡುಗೆಮನೆ, ಪಡಸಾಲೆ, ಬಚ್ಚಲುಮನೆಗಳಲ್ಲಿ ಕೇಳುತ್ತದೆ. ಕಿಟಕಿ ಮುಚ್ಚಿದರೆ ನಿಲ್ಲುವುದಿಲ್ಲ. ಮನೆಯೊಳಗಿನ ಮಾತು ಮಾತ್ರ ದೋಣಿಯವರೆಗೆ ಹೋಗುವುದಿಲ್ಲ. ನಾವು ಇದಕ್ಕೆ ಒಗ್ಗಿಹೋಗಿದ್ದೇವೆ. ದೋಣಿ ಹತ್ತಿದವರು ಹವಾಮಾನ ಬಿಟ್ಟು ಬೇರೆ ಮಾತಾಡುವುದಿಲ್ಲ. ದಡದವರು ಕೇಳಿಸಿಕೊಂಡದ್ದನ್ನು ಎಂದೂ ಎತ್ತುವುದಿಲ್ಲ. ಹೊಳೆ ಮೇಲಿನ ಮಾತನ್ನು ಬೀದಿಯಲ್ಲಿ ಎತ್ತಿದವರ ಮನೆಗೆ ಮದುವೆ ಮುಂಜಿಗೂ ಜನ ಹೋಗುವುದಿಲ್ಲ. ನಮ್ಮ ಮನೆ ಸೇತುವೆಯಿಂದ ಸ್ವಲ್ಪ ಈಚೆ ಎಡದಂಡೆಯಲ್ಲಿದೆ, ಅಡುಗೆಮನೆ ಹೊಳೆಗೇ ಬೆನ್ನು ಮಾಡಿ ಕೂತಿದೆ. ಈ ವಿಷಯವನ್ನೆಲ್ಲ ಅತ್ತಿಗೆಗೆ ಹಿಂದೆಯೂ ಹೇಳಿದ್ದೆ, ಅವತ್ತೂ ಹೇಳಿದೆ. ಅವರು ಜಡೆ ಹೆಣೆದುಕೊಳ್ಳುತ್ತಾ, "ಕೇಳ್ಲಿ ಬಿಡೇ. ನಾನೇನು ಸುಳ್ಳು ಹೇಳ್ತೀನಾ?" ಅಂದರು.

ಬಿಸಿಲು ಇಳಿಯುವ ಹೊತ್ತಿಗೆ ದೋಣಿಕಟ್ಟೆಗೆ ಹೋದೆವು. ನಗರಸಭೆಯ ಮೋಟಾರು ದೋಣಿ, ಮೇಲೆ ತಗಡಿನ ಚಾವಣಿ, ಅದಕ್ಕೆ ಪ್ಲಾಸ್ಟಿಕ್ ಹೂವಿನ ತೋರಣ. ಹೆಚ್ಚು ಜನ ಇರಲಿಲ್ಲ. ಪುಟ್ಟತಾಯಮ್ಮ ಮುಂದಿನ ಬೆಂಚಿನಲ್ಲಿ ಕೂತಿದ್ದರು. ಅವರ ಮಗಳನ್ನು ಬಲದಂಡೆಯ ಮನೆಗೆ ಕೊಟ್ಟಿದೆ. ಅಲ್ಲಿಯ ಅತ್ತೆ ಇವರನ್ನು ಒಳಗೆ ಸೇರಿಸುವುದಿಲ್ಲ. ಅದಕ್ಕೆ ಇವರು ವಾರಕ್ಕೊಮ್ಮೆ ದೋಣಿ ಹತ್ತಿ, ಆ ಮನೆ ಬಂದಾಗ, "ಸುಗುಣ, ತಲೆಗೆ ಎಣ್ಣೆ ಹಚ್ಕೋತಿದೀಯಾ? ಕೆಮ್ಮು ಹೋಯ್ತಾ? ನಾನು ಚೆನ್ನಾಗಿದೀನಮ್ಮಾ" ಅಂತ ಹೇಳಿ ಬರುತ್ತಾರೆ. ಹಿಂದಿನ ಮೂಲೆಯಲ್ಲಿ ತೆಳ್ಳಗಿನ ಒಬ್ಬರು ಪೇಪರ್ ಓದುತ್ತಿದ್ದರು, ಗಟ್ಟಿಯಾಗಿ. ಪಾರ್ಶ್ವವಾಯು ಬಡಿದು ದಡದ ಮನೆಯಲ್ಲಿ ಮಲಗಿರುವ ಸ್ನೇಹಿತನಿಗೆ ಅವರು ದಿನವೂ ಓದಿ ಹೇಳುವುದು ಹಾಗೆ. ದೋಣಿಯಲ್ಲಿ ಊರು ತೋರಿಸುವ ಕೆಲಸ ಮುನಾವರ್ ಸಾಹೇಬರದು. ಅವರು ನನ್ನನ್ನು ನೋಡಿ ಕೈಮುಗಿದು, ಅತ್ತಿಗೆಯ ಕಡೆ ತಿರುಗಿ, "ಅಮ್ಮಾವರೇ, ದೋಣಿ ಹೊರಟ ಮೇಲೆ ಒಳ್ಳೊಳ್ಳೆ ಮಾತಾಡ್ಬೇಕು" ಅಂದರು.

"ನಾನು ಯಾವತ್ತು ಕೆಟ್ಟ ಮಾತಾಡಿದೀನಪ್ಪಾ?" ಅಂದರು ಅತ್ತಿಗೆ.

ಹಗ್ಗ ಬಿಚ್ಚಿದರು. ಮುನಾವರ್ ಸಾಹೇಬರು ಗಂಟಲು ಸರಿಮಾಡಿಕೊಂಡು ಶುರುಮಾಡಿದರು. "ಬಲಕ್ಕೆ ಕಾಣೋದು ವಕೀಲ ಚನ್ನಕೇಶವಯ್ಯನವರ ಮನೆ. ಅಪರೂಪದ ಸಜ್ಜನರು. ಪಕ್ಕದ್ದು ಅಕ್ಕಿ ಮಂಡಿ ಬಸವಣ್ಣೆಪ್ಪನವರದು. ಅವರೂ ಅಪರೂಪದ ಸಜ್ಜನರು. ಎಡಕ್ಕೆ ಡಾಕ್ಟರ್ ಮೇಡಮ್ ಮನೆ. ಸಜ್ಜನರು, ಕೈಗುಣ ಇರೋರು." ಹೀಗೆ ಪ್ರತಿ ಮನೆಯ ಯಜಮಾನರೂ ಸಜ್ಜನರಾಗುತ್ತಾ ಬಂದರು. ಮುನಾವರ್ ಸಾಹೇಬರೂ ದಡದಲ್ಲೇ ಬದುಕಬೇಕಲ್ಲ.

"ಸರಿ, ಊರು ತುಂಬ ಸಜ್ಜನರೇ. ಆ ದೊಡ್ಡ ಕಟ್ಟಡ ಯಾವುದಪ್ಪಾ?" ಅಂತ ಅತ್ತಿಗೆ ಬೆರಳು ಮಾಡಿದರು.

"ಅದು ಕೋರ್ಟು ಅಮ್ಮಾ."

ಅತ್ತಿಗೆ ಕಿಸಕ್ಕನೆ ನಕ್ಕರು. ಎರಡೂ ದಡದ ಅಡುಗೆಮನೆಗಳಲ್ಲಿ ಆ ನಗು ಕೇಳಿರುತ್ತದೆ ಅಂತ ನೆನೆದು ನನ್ನ ಕಿವಿ ಬಿಸಿಯಾಯಿತು. ಅಷ್ಟರಲ್ಲಿ ಅವರು, "ಅಯ್ಯೋ ವಾರಿಜ, ಆ ಮನೆ ಬಣ್ಣ ನೋಡೇ! ಹಳಸಿದ ಬಸ್ಸಾರಿನ ಥರ ಇದೆ. ಯಾರು ಆರಿಸಿದ್ರೋ ಪುಣ್ಯಾತ್ಮರು" ಅಂದುಬಿಟ್ಟರು. ಅದು ನಮ್ಮ ಹೆಡ್‌ಮಿಸ್ ಕಾತ್ಯಾಯಿನಿಯವರ ಮನೆ. ನಾನು ಅತ್ತಿಗೆಯ ತೋಳು ಚಿವುಟಿದೆ. "ಯಾಕೆ ಚಿವುಟ್ತೀಯೇ ವಾರಿಜ?" ಅಂತ ಅವರು ನನ್ನ ಹೆಸರು ಸಮೇತ ಕೇಳಿದರು. ಇನ್ನೇನು ಉಳಿಯಿತು? ಪೇಪರ್ ಓದುವವರು ಪಾಪ, ನಮ್ಮ ಮಾತು ಮುಚ್ಚಿಹೋಗಲೆಂದೋ ಏನೋ, ಪೇಟೆ ಧಾರಣೆಯನ್ನು ಇನ್ನಷ್ಟು ದೊಡ್ಡ ದನಿಯಲ್ಲಿ ಓದತೊಡಗಿದರು. ಆದರೆ ಟೈಪ್‌ರೈಟರುಗಳನ್ನೇ ಗೆದ್ದ ಗಂಟಲಿನ ಮುಂದೆ ಕೊಬ್ಬರಿ, ಮೆಣಸಿನಕಾಯಿಯ ಧಾರಣೆ ಎಲ್ಲಿ ನಿಲ್ಲುತ್ತದೆ?

ಪುಟ್ಟತಾಯಮ್ಮ ಮಗಳಿಗೆ ಹೇಳುವುದನ್ನು ಹೇಳಿ ಕಣ್ಣೊರೆಸಿಕೊಂಡರು. ಅತ್ತಿಗೆ ಅವರನ್ನೇ ನೋಡುತ್ತಾ ಸ್ವಲ್ಪ ಹೊತ್ತು ಸುಮ್ಮನಾದರು. ದೇವರು ದೊಡ್ಡವನು ಅಂದುಕೊಂಡೆ. ದೋಣಿ ಸೇತುವೆಯ ಹತ್ತಿರ ತಿರುಗಿ ವಾಪಸು ಹೊರಟಿತು, ಎಡದಂಡೆ ಈಗ ಬಲಕ್ಕಾಯಿತು. ಆಗ ಅವರು ನನ್ನ ಕಡೆ ಸರಿದು ಕೂತು, ತಮ್ಮ ಮಟ್ಟಿಗೆ ಮೆಲ್ಲಗೆ ಅನ್ನುವ ದನಿಯಲ್ಲಿ ಕೇಳಿದರು. "ಅಲ್ವೇ, ನೀನು ಆ ಬೆಟ್ಟದೂರಿನ ಹಾಸ್ಟೆಲಿಗೆ ಹೋಗೋದು ಖಂಡಿತಾನಾ?"

ಈ ವಿಷಯ ನಾನು ಅವರಿಗೆ ಹೇಳಿಯೇ ಇರಲಿಲ್ಲ. "ಮನೇಲಿ ಮಾತಾಡೋಣ ಅತ್ತಿಗೆ" ಅಂದೆ.

"ಮನೇಲಿ ಅವನಿರ್ತಾನಲ್ಲೇ. ಮೊನ್ನೆ ಜನ್ನ ನಂಗೆ ಫೋನ್ ಮಾಡಿ ಅತ್ತುಬಿಟ್ಟ. ಅಕ್ಕ, ವಾರಿಜ ಹೋಗ್ತಾಳಂತೆ, ನೀನು ಬಂದು ಹೇಗಾದ್ರೂ ಹೋಗ್ಬೇಡ ಅನ್ನು, ನಂಗೆ ಬಾಯಿ ಬರಲ್ಲ ಅಂದ. ಅದಕ್ಕೇ ಕಣೇ ನಾನು ಬಂದಿದ್ದು. ಅವನು ಚಿಕ್ಕ ಹುಡುಗನಿಂದಲೂ ಹಾಗೇ. ಎರಡು ಅಂಗಿ ಮುಂದೆ ಇಟ್ಟು ಯಾವ್ದು ಬೇಕೋ ಅಂದ್ರೆ ಅಳ್ತಾ ನಿಂತುಬಿಡೋನು. ನೀನು ಬೇಜಾರು ಮಾಡ್ಕೋಬೇಡ…"

ಆಮೇಲೆ ಅವರು ಏನೇನು ಹೇಳಿದರೋ ನನಗೆ ಗೊತ್ತಿಲ್ಲ. ಫೋನ್ ಮಾಡಿ ಅತ್ತರಂತೆ! ತಟ್ಟೆ ನೋಡಿಕೊಂಡು ನಿನ್ನಿಷ್ಟ ಅಂದ ಮನುಷ್ಯ, ನಾನು ಸ್ಕೂಲಿಗೆ ಹೋದ ಮೇಲೆ ಅಕ್ಕನಿಗೆ ಫೋನ್ ಮಾಡಿ ಅತ್ತರಂತೆ. ನಾನು ಎದ್ದು ನಿಂತೆ. ದೋಣಿ ವಾಲಿತು. ಮುನಾವರ್ ಸಾಹೇಬರು, "ಟೀಚರಮ್ಮಾ, ಕೂತ್ಕೊಳ್ಳಿ, ಕೂತ್ಕೊಳ್ಳಿ" ಅಂದರು. ಯಾರು ಕೇಳುತ್ತಾರೆ?

"ರೀ!" ಅಂದೆ. ಮೈದಾನದ ಆ ತುದಿಗೆ ಕೂಗುವ ದನಿ ಅದು, ನನಗೇ ಗೊತ್ತಿಲ್ಲದೆ ಬಂತು. "ಕೇಳಿಸ್ತಿರುತ್ತೆ ನಿಮಗೆ. ನಿಮ್ಮಕ್ಕನ ಹತ್ರ ಅಳೋಕೆ ಬಾಯಿದೆ, ನನ್ನ ಹತ್ರ ಬೇಡ ಅನ್ನೋಕೆ ಬಾಯಿಲ್ವಾ? ಇಷ್ಟು ವರ್ಷ ಎಲ್ಲಾ ನನ್ನಿಷ್ಟ, ನನ್ನಿಷ್ಟ. ತಾರಸಿ ಸೋರಿದ್ರೆ ತಪ್ಪು ನಂದು, ಯಾಕಂದ್ರೆ ಅದು ನನ್ನಿಷ್ಟ. ಮಗಳು ತನ್ನ ಹೆಸರು ಯಾರ ಬಾಯಲ್ಲೂ ಹೊರಳಲ್ಲ ಅಂತ ಮುನಿಸ್ಕೊಂಡ್ರೆ ನನ್ನ ಮೇಲೆ, ಯಾಕಂದ್ರೆ ಅದೂ ನನ್ನಿಷ್ಟ. ಗರ್ಭಕೋಶ ತೆಗಿಯೋದಾ ಬೇಡ್ವಾ ಅಂತ ಡಾಕ್ಟರು ಕೇಳಿದಾಗ ಅವಳಿಷ್ಟ ಅಂದು ಹೊರಗೆ ಹೋದ್ರಿ. ಆ ಆಸ್ಪತ್ರೆ ಬೆಂಚಿನ ಮೇಲೆ ನಾನೊಬ್ಬಳೇ ಕೂತಿದ್ದೆ ಕಣ್ರೀ, ಒಬ್ಬಳೇ!"

ಪೇಪರ್ ಓದುವುದು ನಿಂತುಹೋಗಿತ್ತು. ಮೋಟಾರಿನವನೂ ವೇಗ ತಗ್ಗಿಸಿದ್ದ. ನಿಲ್ಲಿಸಬೇಕು ಅಂತ ನನಗೂ ಗೊತ್ತಾಗುತ್ತಿತ್ತು. ಆಗಲಿಲ್ಲ.

"ನಾನೇನು ಅಪ್ಪಣೆ ಕೇಳ್ತಿಲ್ಲ. ನಿಮ್ಮ ಮನಸ್ಸಿನಲ್ಲಿ ಏನಿದೆ ಅಂತ ಕೇಳ್ತಿದೀನಿ. ಬೇಡ ಅನ್ನಿ. ಜಗಳ ಆಡಿ. ತಟ್ಟೆ ಎಸೀರಿ. ಬೇಡ ಅಂದ್ರೂ ನಾನು ಹೋಗ್ತೀನೋ ಏನೋ. ಆದ್ರೆ ಬೇಡ ಅಂದವರ ಮನೆಯಿಂದ ಹೋಗೋದೇ ಬೇರೆ, ನಿನ್ನಿಷ್ಟ ಅಂದವರ ಮನೆಯಿಂದ ಹೋಗೋದೇ ಬೇರೆ. ಅಷ್ಟೂ ತಿಳಿಯಲ್ವಾ ನಿಮಗೆ?"

ಕೂತೆ. ದೋಣಿಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಮುನಾವರ್ ಸಾಹೇಬರು ಅಭ್ಯಾಸಬಲದಿಂದ ಕೈ ಎತ್ತಿ, "ಈಗ ಬಲಕ್ಕೆ ಕಾಣ್ತಿರೋದು ಜನಾರ್ದನ ಅವರ ಮನೆ. ಅಪರೂಪದ…" ಅಂದು ನನ್ನ ಕಡೆ ನೋಡಿ ಅಲ್ಲಿಗೇ ನಿಲ್ಲಿಸಿದರು. ನಮ್ಮ ಅಡುಗೆಮನೆಯ ಕಿಟಕಿ ತೆರೆದಿತ್ತು. ಒಳಗೆ ಯಾರಾದರೂ ಇದ್ದಾರೋ ಇಲ್ಲವೋ ಕಾಣಲಿಲ್ಲ.

ಅತ್ತಿಗೆ ಅವತ್ತಿನವರೆಗೆ ನಾನು ಕೇಳದಷ್ಟು ಸಣ್ಣ ದನಿಯಲ್ಲಿ, "ನೀರು ಕುಡೀತೀಯಾ?" ಅಂದರು.

ದೋಣಿಕಟ್ಟೆಯಲ್ಲಿ ಇಳಿದಾಗ ಊರು ತನ್ನ ವಿದ್ಯೆಯನ್ನೆಲ್ಲ ತೋರಿಸಿತು. ಬಾಳೆಹಣ್ಣಿನವಳು ತನ್ನದೇ ಹಣ್ಣುಗಳನ್ನು ಮೊದಲ ಸಲ ಕಂಡವಳ ಹಾಗೆ ನೋಡುತ್ತಾ ಕೂತಿದ್ದಳು. ವಕೀಲರ ಮನೆಯ ಹೆಂಗಸು ಎದುರಿಗೆ ಸಿಕ್ಕಿ, "ಏನು ಸೆಕೆ ಅಲ್ವಾ ಟೀಚರ್" ಅಂದು ಉತ್ತರಕ್ಕೂ ಕಾಯದೆ ಸರಸರ ಹೋದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆಗಲೇ ಎದುರಿನಿಂದ ನನ್ನ ಗಂಡ ಬರುವುದು ಕಂಡಿತು. ಮನೆಯಲ್ಲಿ ಉಡುವ ಪಂಚೆ, ಮೇಲೆ ಇಸ್ತ್ರಿ ಮಾಡಿದ ಅಂಗಿ, ಗುಂಡಿ ಮೇಲೆ ಕೆಳಗೆ. ಮಂಡಿ ಹಿಡಿದುಕೊಂಡು ಕುಂಟುತ್ತಾ ಬರುತ್ತಿದ್ದರು. ಈಗ ಏನಾದರೂ ಹೇಳುತ್ತಾರೆ ಅಂತ ನಿಂತೆ. ಅವರು ನನ್ನ ಹತ್ತಿರ ಬಂದು, ಬಾಯಿ ತೆರೆದು, ಮುಚ್ಚಿ, "ನೀನು ಮನೆಗೆ ಹೋಗು" ಅಂದರು. ಅಷ್ಟೇ ಅಂದು ನನ್ನನ್ನು ದಾಟಿ ಹೋಗಿ ಟಿಕೆಟ್ ಕಿಟಕಿಯ ಮುಂದೆ ನಿಂತರು.

"ಏನ್ರೀ ಇದು? ಎಲ್ಲಿಗೆ ಹೊರಟ್ರಿ?" ಅಂದೆ. ಅವರು ತಿರುಗಲಿಲ್ಲ. ಮುನಾವರ್ ಸಾಹೇಬರ ಕೈ ಹಿಡಿದು ದೋಣಿ ಹತ್ತಿ, ಹಲಗೆಯ ಮೇಲೆ ಸ್ಕೂಲು ಮಗುವಿನ ಹಾಗೆ ನೆಟ್ಟಗೆ ಕೂತರು. ನನ್ನ ಸಿಟ್ಟು ನೆತ್ತಿಗೇರಿತು. ಅಷ್ಟೆಲ್ಲ ಊರೆದುರು ಬಡಕೊಂಡಿದ್ದೇನೆ, ಈ ಮನುಷ್ಯ ಗಾಳಿ ತಗೊಳ್ಳಲು ಹೊರಟಿದ್ದಾರೆ! ಅತ್ತಿಗೆ ನನ್ನ ತೋಳು ಹಿಡಿದು, "ಬಾರೇ, ಬೇಗ ಬಾ. ಮನೆಗೆ ಹೋಗು ಅಂದ್ನಲ್ಲ, ಬಾ" ಅಂತ ಎಳೆದುಕೊಂಡೇ ಹೋದರು.

ಮನೆಯ ಬಾಗಿಲು ಅಗಲವಾಗಿ ತೆರೆದಿತ್ತು. ಬೀಗ ಹಾಕುವುದಿರಲಿ, ಚಿಲಕವನ್ನೂ ಎಳೆಯದೆ ಬಂದಿದ್ದರು. ಒಲೆಯ ಮೇಲಿನ ಹಾಲು ಉಕ್ಕಿ ಕಟ್ಟೆಯೆಲ್ಲ ಸುರಿದು ಕಮಟು ವಾಸನೆ ಹೊಡೆಯುತ್ತಿತ್ತು. ಬೆಂಕಿಯನ್ನಾದರೂ ಆರಿಸಿದ್ದರಲ್ಲ, ಅದೇ ಪುಣ್ಯ. ಬಯ್ದುಕೊಳ್ಳುತ್ತಾ ಒರೆಸುವ ಬಟ್ಟೆ ಎತ್ತಿಕೊಂಡೆ. ಆಗ ನನ್ನ ಹಿಂದೆಯೇ, ಮಣೆ ಹಾಕಿಕೊಂಡು ಕೂತ ಹಾಗೆ, ಅವರ ದನಿ ಬಂತು.

"ವಾರಿಜ, ಮನೆ ಮುಟ್ಟಿದ್ಯಾ?"

ನಾನು ಬೆಚ್ಚಿ ತಿರುಗಿದೆ. ಯಾರೂ ಇರಲಿಲ್ಲ. ಹೊಳೆಯ ಮೇಲೆ ದೋಣಿಯ ಮೋಟಾರು ಗುರುಗುಟ್ಟುತ್ತಿತ್ತು.

"ಮುಟ್ಟಿರ್ತೀಯ. ನಡಿಗೆ ಜೋರು ನಿಂದು." ಸ್ವಲ್ಪ ಹೊತ್ತು ಬರೀ ಉಸಿರು ಕೇಳಿತು. "ಅಕ್ಕಪಕ್ಕದೋರೆಲ್ಲ ಕ್ಷಮಿಸ್ಬೇಕು. ನಂಗೆ ಎದುರಿಗೆ ನಿಂತು ಹೇಳೋಕೆ ಬರಲ್ಲ. ಮುಖ ನೋಡಿದ್ರೆ ನಿಂತುಹೋಗುತ್ತೆ." ಮತ್ತೆ ಉಸಿರು. "ಹೋಗ್ಬೇಡ."

ಒರೆಸುವ ಬಟ್ಟೆ ಕೈಯಲ್ಲೇ ಉಳಿಯಿತು. ಅತ್ತಿಗೆ ಹೊಸ್ತಿಲ ಮೇಲೆ ಕುಕ್ಕರಿಸಿ ಕೂತರು.

"ನೀನಿಲ್ದೆ ಊಟ ಆಗಲ್ಲ ಅಂತಲ್ಲ. ಅನ್ನ ಮಾಡ್ಕೋತೀನಿ. ಸಾಯಂಕಾಲ ಸ್ಕೂಲಿಂದ ಬಂದು ಬಾಗಿಲಲ್ಲಿ ಚಪ್ಪಲಿ ಒದ್ದು ಬಿಡ್ತೀಯಲ್ಲ, ಆ ಶಬ್ದ ಕೇಳೋವರೆಗೆ ನಂಗೆ ಏನೂ ತೋಚಲ್ಲ. ಇನ್ಮೇಲೆ ಯಾವ ಶಬ್ದಕ್ಕೆ ಕಾಯ್ಲಿ ಹೇಳು. ನೀನು ಆ ಹುಡುಗೀರನ್ನ ಆಡ್ಸೋದನ್ನ ಬೇಲಿ ಆಚೆ ನಿಂತು ಎಷ್ಟೋ ಸಲ ನೋಡಿದೀನಿ. ನಿಂಗೆ ಅಂಥ ದೊಡ್ಡ ಮೈದಾನ ಸಿಗ್ಲಿ ಅಂತಾನೂ ಅನ್ಸುತ್ತೆ. ಹೋಗು ಅಂದ್ರೆ ಹೋಗೇಬಿಡ್ತೀಯ ಅಂತ ಭಯ. ಬೇಡ ಅಂದ್ರೆ ನನಗೋಸ್ಕರ ಇದ್ದುಬಿಡ್ತೀಯೇನೋ ಅಂತ ಅದೊಂದು ಭಯ. ಆಸ್ಪತ್ರೇಲೂ ಹಂಗೇ ಆಯ್ತು. ಹೊರಗೆ ಹೋಗಿ ನಲ್ಲಿ ಹತ್ರ ನಿಂತಿದ್ದೆ. ಒಳಗೆ ಬಂದು ನಿನ್ನ ಪಕ್ಕ ಕೂರ್ಬೇಕಿತ್ತು."

ನಾನು ಕಣ್ಣೊರೆಸಿಕೊಂಡೆ, ಹಾಲು ಒರೆಸಲು ಹಿಡಿದ ಬಟ್ಟೆಯಲ್ಲೇ. ಗೋಡೆಯ ಕಡೆ ತಿರುಗಿ, "ಬೇಕಿತ್ತು" ಅಂದೆ. ಅದು ಅವರಿಗೆ ಕೇಳುವ ಹಾಗಿರಲಿಲ್ಲ. ಎಲ್ಲ ಮುಗಿಯಿತು, ಇನ್ನು ಮನೆಗೆ ಬರುತ್ತಾರೆ, ಒಂದಿಷ್ಟು ಕಾಫಿ ಮಾಡೋಣ ಅಂತ ಡಿಕಾಕ್ಷನ್ ನೋಡಲು ಹೊರಟೆ.

ಆದರೆ ಅವರು ನಿಲ್ಲಿಸಲಿಲ್ಲ.

"ಇನ್ನೊಂದು ವಿಷಯ" ಅಂದರು. "ತಾರಸಿ ನಂಗೆ ಬೇಡವಾಗಿತ್ತು. ಹೆಂಚೇ ಇರ್ಲಿ ಅಂತಿದ್ದೆ ಮನಸ್ಸಿನಲ್ಲಿ. ಮಗಳಿಗೆ ಉತ್ಪಲಾ ಅನ್ನೋ ಹೆಸರೂ ಅಷ್ಟೇ. ನಂಗೆ ಮಾಲಿನಿ ಅಂತ ಇಡ್ಬೇಕು ಅಂತ ಆಸೆ ಇತ್ತು. ನೀನು ತಂದು ಹಾಕಿದ ಆ ನೀಲಿ ಪರದೆ ನೋಡಿದ್ರೆ ಡೆಂಟಲ್ ಆಸ್ಪತ್ರೆ ನೆನಪಾಗುತ್ತೆ. ಮತ್ತೆ… ನೀನು ಹುಳಿಗೆ ಹುಣಸೆಹಣ್ಣು ಜಾಸ್ತಿ ಹಾಕ್ತೀಯ ವಾರಿಜ. ಮೊದಲಿಂದಲೂ ಜಾಸ್ತಿ."

"ಏನಂದ್ರಿ?" ಅಂತ ನಾನು ಗೋಡೆಗೆ ಕಿರುಚಿದೆ. "ಊರಿಗೆಲ್ಲ ಕೇಳೋ ಹಾಗೆ ನನ್ನ ಹುಳಿ ವಿಷಯ ಹೇಳ್ತೀರಾ? ಇಷ್ಟು ವರ್ಷ ಸುರೀತಾ ಇದ್ರಲ್ಲ!" ಗೋಡೆ ಉತ್ತರ ಕೊಡಲಿಲ್ಲ. ಅವರ ದನಿ ಮಾತ್ರ ತನ್ನ ಪಾಡಿಗೆ ನನ್ನ ತಮ್ಮನ ಗೊರಕೆಗೆ, ಹಿತ್ತಿಲಲ್ಲಿ ನಾನು ಕಡಿಸಿದ ಸಂಪಿಗೆ ಗಿಡಕ್ಕೆ, ನಾನು ಕೊಡಿಸಿದ ಸ್ವೆಟರಿನ ಕಡಿತಕ್ಕೆ ಹೋಗುತ್ತಿತ್ತು. ಅತ್ತಿಗೆ ಹೊಸ್ತಿಲಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದರು. ದೋಣಿ ಕಟ್ಟೆಗೆ ಬಂದು ನಿಂತದ್ದು ಕೇಳಿತು. ಸದ್ಯ ಬದುಕಿದೆ ಅಂದುಕೊಂಡೆ. "ಮುನಾವರ್ ಅವ್ರೇ, ಇನ್ನೊಂದು ಸುತ್ತು ಹೋಗೋಣ" ಅನ್ನುವುದೂ ಕೇಳಿತು.

ಅವರು ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತಾಗಿತ್ತು. ಮಾತಾಡಿ ಮಾತಾಡಿ ಗಂಟಲು ಕಟ್ಟಿಹೋಗಿತ್ತು. ನಾನು ಕಾಫಿ ಕೊಟ್ಟೆ. ಅವರು ಒಂದು ಗುಟುಕು ಕುಡಿದು, ನನ್ನ ಮುಖ ನೋಡಲು ಹೋಗಿ, ನೆಲ ನೋಡಿ, "ಸಕ್ಕರೆ ಕಮ್ಮಿ" ಅಂದರು. ನಾನು ಡಬ್ಬಿಯನ್ನು ಅವರ ಮುಂದೆ ಕುಕ್ಕಿದೆ.

ಬೆಳಿಗ್ಗೆ ನಾನು ಬೆಟ್ಟದೂರಿಗೆ ಫೋನ್ ಮಾಡಿ ಬರುತ್ತೇನೆ ಅಂದೆ. ಅವರು ಪಕ್ಕದಲ್ಲೇ ನಿಂತಿದ್ದರು. ನಾನು ಫೋನ್ ಇಟ್ಟ ಮೇಲೆ, "ನಂಗೆ ಇಷ್ಟ ಇಲ್ಲ" ಅಂದರು, ಎದುರಿಗೇ. ಹೇಳಿ ತಾವೇ ಹೆದರಿದವರ ಹಾಗೆ ನಿಂತರು. "ಗೊತ್ತಾಯ್ತು" ಅಂದೆ. ಆಮೇಲೆ ಇಬ್ಬರೂ ಸೇರಿ ಅಟ್ಟದಿಂದ ಟ್ರಂಕು ಇಳಿಸಿದೆವು. ಟ್ರಂಕು ಬೇಡ, ಬ್ಯಾಗು ಸಾಕು ಅಂತ ಅವರು, ಟ್ರಂಕೇ ಬೇಕು ಅಂತ ನಾನು, ಮದುವೆಯಾದ ಮೇಲೆ ಮೊದಲ ಸಲ ಜೋರಾಗಿ ಜಗಳ ಆಡಿದೆವು. ಭಾಮತ್ತಿಗೆ ಕಿವಿ ಮುಚ್ಚಿಕೊಂಡು ಹಿತ್ತಿಲಿಗೆ ಹೋದರು.

ಊರು ಎಂದಿನಂತೆ ಮರ್ಯಾದೆಯಿಂದ ನಡೆದುಕೊಂಡಿತು. ಸ್ಕೂಲಿನಲ್ಲಿ ಹೆಡ್‌ಮಿಸ್ಸಿಗೆ ಹೋಗುವ ವಿಷಯ ತಿಳಿಸಿದಾಗ ಅವರು, "ಹೌದಾ? ಗೊತ್ತೇ ಇರಲಿಲ್ಲ!" ಅಂತ ಬಹಳ ಚೆನ್ನಾಗಿ ಆಶ್ಚರ್ಯಪಟ್ಟರು. ಆಮೇಲೆ ಕಿಟಕಿಯಾಚೆ ನೋಡುತ್ತಾ, ಮನೆಗೆ ಬೇರೆ ಬಣ್ಣ ಹೊಡೆಸುವ ಯೋಚನೆಯಿದೆ, ಒಳ್ಳೆಯವರು ಯಾರಾದರೂ ಇದ್ದರೆ ಹೇಳಿ ಅಂದರು. ದಿನಸಿ ಅಂಗಡಿಯಲ್ಲಿ ಹುಣಸೆಹಣ್ಣು ಕೇಳಿದೆ. ಅಂಗಡಿಯಾತ ಒಂದಕ್ಷರ ಮಾತಾಡದೆ, ನಾನು ಯಾವತ್ತೂ ಒಯ್ಯುವುದರಲ್ಲಿ ಅರ್ಧದಷ್ಟನ್ನು ಕಟ್ಟಿ ಕೊಟ್ಟ. ಅವನನ್ನು ಏನಂತ ಬಯ್ಯಲಿ?

ಹೊರಡುವ ದಿನ ಇವರು ಬಸ್‌ಸ್ಟ್ಯಾಂಡಿಗೆ ಬಂದರು. ಟ್ರಂಕನ್ನು ಕೂಲಿಯವನ ಕೈಗೆ ಕೊಡದೆ ತಾವೇ ಎತ್ತಿ, ಮಂಡಿ ನೋವಿನಲ್ಲಿ ಮುಖ ಕಿವುಚುತ್ತಾ ಬಸ್ಸಿನೊಳಗೆ ಇಟ್ಟರು. ಇಡುತ್ತಾ, "ಹೋಗ್ಬೇಡ" ಅಂದರು. ಹಾಸಿಗೆ ಸುರುಳಿಯನ್ನು ಮೇಲಕ್ಕೆ ಕೊಡುತ್ತಾ ಇನ್ನೊಮ್ಮೆ ಅಂದರು. ಕಂಡಕ್ಟರು ನಮ್ಮಿಬ್ಬರನ್ನೂ ಬದಲಿಸಿ ಬದಲಿಸಿ ನೋಡಿ, "ಹೋಗ್ತಾರಾ, ಇಲ್ವಾ ಸ್ವಾಮಿ?" ಅಂದ. "ಹೋಗ್ತಾಳೆ" ಅಂದರು ನನ್ನ ಗಂಡ, ಅವನ ಮೇಲೆಯೇ ಸಿಟ್ಟು ಮಾಡಿಕೊಂಡು. ನಾನು ಹತ್ತಿ ನಿಂತು ಯಾವ ಕಡೆ ಕೂರಲಿ ಅಂತ ನೋಡುತ್ತಿದ್ದೆ. ಅವರು ಕೆಳಗಿನಿಂದ ಕಿಟಕಿಗೆ ಬಡಿದು, "ಎಡಗಡೆ ಕೂತ್ಕೋ, ಎಡಗಡೆ! ಆ ಕಡೆ ಬಿಸಿಲು ಬರಲ್ಲ" ಅಂತ ಕೂಗಿ ಹೇಳಿದರು. ಇಷ್ಟು ಖಚಿತವಾಗಿ ಅವರು ನನಗೆ ಏನನ್ನೂ ಹೇಳಿದ್ದಿಲ್ಲ. ಎಡಗಡೆ ಕೂತೆ. ಬಸ್ಸು ಊರಿನ ಗಡಿ ದಾಟಿದ್ದೇ ತಡ, ಬಿಸಿಲು ನೇರವಾಗಿ ನನ್ನ ಕಿಟಕಿಗೇ ಹೊಡೆಯಿತು. ಬಲಗಡೆ ಸೀಟುಗಳೆಲ್ಲ ಖಾಲಿ, ತಂಪಾಗಿ ನೆರಳಲ್ಲಿದ್ದವು. ಆ ಮನುಷ್ಯನನ್ನು ಮನಸಾರೆ ಬಯ್ದುಕೊಂಡು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಬೆಟ್ಟದೂರು ಬರುವವರೆಗೂ ಅಲ್ಲೇ ಕೂತಿದ್ದೆ.